ಸುತ್ತಿಗೆ ಬೇಡ, ಅರ ಸಾಕು: ಮೊದಲ ಚಾಕು ಮಾಡುವವರಿಗೆ

ಚಾಕು ಮಾಡುವ ಆಸೆ ಹುಟ್ಟಿದವರು ಮೊದಲು ಹುಡುಕುವುದು ಕುಲುಮೆಯನ್ನು, ಆಮೇಲೆ ಅಡಿಗಲ್ಲನ್ನು. ಕಾದು ಕೆಂಪಾದ ಉಕ್ಕು, ಅದರ ಮೇಲೆ ಬೀಳುವ ಸುತ್ತಿಗೆ, ಸಿಡಿಯುವ ಕಿಡಿ ಎಲ್ಲವೂ ನೋಡಲು ಸೊಗಸು. ಆದರೆ ಬಡಿದು ಮಾಡಿದ ಚಾಕುವಿಗೂ ಕೊನೆಯ ಆಕಾರ ಬರುವುದು ಉಜ್ಜುವುದರಿಂದಲೇ. ಬಡಿಯುವುದು ಬೇರೆಯದೇ ಕಸುಬು. ಉಕ್ಕು ಸುತ್ತಿಗೆಯ ಮಾತು ಕೇಳುವಂತಾಗಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಚಾಕುವಿನ ಉತ್ಸಾಹ ಆರಿಹೋಗಿರುತ್ತದೆ. ಚಪ್ಪಟೆ ಪಟ್ಟಿಯಾಗಿಯೇ ಮಾರಾಟಕ್ಕೆ ಸಿಗುವ ಉಕ್ಕನ್ನು ತಂದು, ಬೇಡದ ಭಾಗವನ್ನು ಕೊಯ್ದು, ಉಜ್ಜಿ ತೆಗೆದು, ಉಳಿದದ್ದನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟು, ಹಿಡಿ ಹಾಕಿ ಮಸೆದರೆ ಅದೂ ಚಾಕುವೇ. ಇಲ್ಲಿ ಹೇಳಹೊರಟಿರುವುದು ಆ ದಾರಿಯನ್ನು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಬರ ಚಾಕುಗಳಿಗೆಲ್ಲ ಒಂದೇ ಕಾಯಿಲೆ: ದಪ್ಪ. ಉಕ್ಕು ಒಳ್ಳೆಯದಿರುತ್ತದೆ, ಹದವೂ ಸರಿಯಿರುತ್ತದೆ, ಹಿಡಿ ಮಿರಮಿರ ಮಿಂಚುತ್ತಿರುತ್ತದೆ. ತರಕಾರಿಗೆ ಹಾಕಿದರೆ ಮಾತ್ರ ಕತ್ತರಿಸುವ ಬದಲು ಸೀಳುತ್ತದೆ. ಬಾಯಿಯ ಹಿಂದಿನ ಉಕ್ಕು ತೆಳುವಾಗಿಲ್ಲದಿದ್ದರೆ ಎಷ್ಟು ಮಸೆದರೂ ಅಷ್ಟೇ. ಮುಂದೆ ಅಳತೆಗಳ ವಿಷಯದಲ್ಲಿ ನಾನು ಹಟ ಹಿಡಿದಂತೆ ಕಂಡರೆ ಕಾರಣ ಇದು.

ಯಾವ ಉಕ್ಕು

ಕಬ್ಬಿಣದ ಅಂಗಡಿಯಲ್ಲಿ ಸಿಗುವ ಸಾಧಾರಣ ಪಟ್ಟಿ ಕೆಲಸಕ್ಕೆ ಬಾರದು. ಅದರಲ್ಲಿ ಇಂಗಾಲ ನೂರಕ್ಕೆ 0.25 ಭಾಗಕ್ಕಿಂತ ಕಡಿಮೆ. ಎಷ್ಟೇ ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಚಾಕುವಿಗೆ ಕನಿಷ್ಠ 0.6 ಭಾಗ ಇಂಗಾಲವಾದರೂ ಬೇಕು. ಹೊಸಬರಿಗೆ ನಾನು ಹೇಳುವುದು 1084 ಎಂಬ ಉಕ್ಕನ್ನು. ಮೊದಲ ಎರಡು ಅಂಕಿಗಳು ಅದು ಸಾದಾ ಇಂಗಾಲದ ಉಕ್ಕು ಎನ್ನುತ್ತವೆ, ಕೊನೆಯ ಎರಡು ಅಂಕಿಗಳು ಇಂಗಾಲ ಸುಮಾರು 0.84 ಭಾಗ ಇದೆ ಎನ್ನುತ್ತವೆ. ಇಷ್ಟು ಇಂಗಾಲವಿರುವ ಉಕ್ಕಿಗೆ ಒಂದು ಅನುಕೂಲವಿದೆ: ಸರಿಯಾದ ಕಾವಿಗೆ ಬಂದ ಸ್ವಲ್ಪ ಹೊತ್ತಿನಲ್ಲೇ ಅದು ಅದ್ದಲು ಸಿದ್ಧವಾಗಿರುತ್ತದೆ, ಅದೇ ಕಾವಿನಲ್ಲಿ ಬಹಳ ಹೊತ್ತು ಕಾಯಬೇಕಿಲ್ಲ. ಮನೆಯ ಹಿಂದೆ ಜೋಡಿಸಿಕೊಂಡ ಪುಟ್ಟ ಒಲೆಯಲ್ಲಿ ಕಾವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದು ಕಷ್ಟವಾದ್ದರಿಂದ ಇದು ದೊಡ್ಡ ಉಪಕಾರ. 1084 ಸಿಗದಿದ್ದರೆ 1075 ಅಥವಾ 1080 ತನ್ನಿ. 52100, ಒ1 ಮುಂತಾದವು ಒಳ್ಳೆಯ ಉಕ್ಕುಗಳೇ, ಆದರೆ ಅವುಗಳನ್ನು ನಿರ್ದಿಷ್ಟ ಕಾವಿನಲ್ಲಿ ಹತ್ತಾರು ನಿಮಿಷ ನಿಲ್ಲಿಸಬೇಕು. ಸ್ಟೇನ್‌ಲೆಸ್ ಉಕ್ಕು ಸಾವಿರ ಡಿಗ್ರಿ ದಾಟಬೇಕು, ಅದೂ ಗಾಳಿ ತಾಗದಂತೆ ಸುತ್ತಿಟ್ಟು, ನಿಯಂತ್ರಿತ ವಿದ್ಯುತ್ ಕುಲುಮೆಯಲ್ಲಿ. ಅದರ ಸುದ್ದಿಗೆ ಈಗ ಹೋಗುವುದು ಬೇಡ.

ಲಾರಿಯ ಸ್ಪ್ರಿಂಗ್ ಪ್ಲೇಟು, ಹಳೆಯ ಅರ, ಗರಗಸದ ಅಲಗು ಎಂದು ಗುಜರಿಯಿಂದ ಉಕ್ಕು ಆರಿಸಿ ತರುವವರಿದ್ದಾರೆ. ಆ ಮೋಹ ನನಗೆ ಅರ್ಥವಾಗುತ್ತದೆ, ಆದರೂ ಮೊದಲ ಚಾಕುವಿಗೆ ಬೇಡವೆನ್ನುತ್ತೇನೆ. ಅದು ಯಾವ ಉಕ್ಕೆಂದು ಖಚಿತವಾಗಿ ತಿಳಿಯದು, ಹಾಗಾಗಿ ಯಾವ ಕಾವು ಎಂಬುದೂ ತಿಳಿಯದು. ವರ್ಷಗಟ್ಟಲೆ ಬಳುಕಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಅವು ಬಾಯಿ ಬಿಡುವುದು ಎಣ್ಣೆಯಲ್ಲಿ ಅದ್ದಿದಾಗ, ಅಂದರೆ ಮುಕ್ಕಾಲು ಕೆಲಸ ಮುಗಿದ ಮೇಲೆ. ಇನ್ನು ಕೆಲವು ಅಗ್ಗದ ಅರಗಳು ಮೇಲ್ಪದರದಲ್ಲಷ್ಟೇ ಗಟ್ಟಿ, ಒಳಗೆ ಮೆದು. ಉಕ್ಕಿನಲ್ಲಿ ಉಳಿಸಿದ್ದನ್ನು ನಿಮ್ಮ ದುಡಿಮೆಯಲ್ಲಿ ಕಳೆದುಕೊಳ್ಳುತ್ತೀರಿ.

ಕೊಳ್ಳುವಾಗ ಮೃದುಗೊಳಿಸಿದ ಪಟ್ಟಿಯನ್ನೇ ಕೇಳಿ. ಇಲ್ಲದಿದ್ದರೆ ಅರ ಅದಕ್ಕೆ ಹಲ್ಲೂರುವುದಿಲ್ಲ. ದಪ್ಪ 3 ಮಿಲಿಮೀಟರ್, ಅಗಲ 25ರಿಂದ 30 ಮಿಲಿಮೀಟರ್ ಇರಲಿ. ಒಂದು ಚಾಕುವಿಗೆ 20 ಸೆಂಟಿಮೀಟರ್ ಉದ್ದ ಸಾಕು. ಆದರೆ ಮೂರಕ್ಕಾಗುವಷ್ಟು ತನ್ನಿ. ಪರೀಕ್ಷೆಗೆ ತುಂಡುಗಳು ಬೇಕಾಗುತ್ತವೆ.

ಸಲಕರಣೆ ಮತ್ತು ಜಾಗ

ಭದ್ರವಾದ ಮೇಜು, ಅದಕ್ಕೆ ಬಿಗಿದ ವೈಸ್ (ತುಂಡನ್ನು ಕಚ್ಚಿ ಹಿಡಿಯುವ ಇಕ್ಕಳ). ಮಿಕ್ಕದ್ದೆಲ್ಲ ಇವೆರಡರ ನಂತರ. ಅಲ್ಲಾಡುವ ಮೇಜಿನ ಮೇಲೆ ಅರ ಹಾಕಿದರೆ ಅರ್ಧ ಶಕ್ತಿ ಮೇಜಿಗೇ ಹೋಗುತ್ತದೆ. ಲೋಹ ಕೊಯ್ಯುವ ಗರಗಸ, ಒರಟು ಹಲ್ಲಿನ ದೊಡ್ಡ ಚಪ್ಪಟೆ ಅರ, ನಯ ಹಲ್ಲಿನ ಇನ್ನೊಂದು, ಒಳತಿರುವುಗಳಿಗೆ ಅರ್ಧವೃತ್ತದ ಅಥವಾ ಗುಂಡನೆಯ ಅರ, ಡ್ರಿಲ್ ಯಂತ್ರ, ನಾಲ್ಕೈದು ಸಿ ಕ್ಲಾಂಪುಗಳು, 80ರಿಂದ 600ರವರೆಗಿನ ಸ್ಯಾಂಡ್‌ಪೇಪರ್ (ಅಂಕಿ ಏರಿದಂತೆ ಕಾಗದ ನಯ), ದಪ್ಪ ಅಳೆಯುವ ಕ್ಯಾಲಿಪರ್. ಬೆಲ್ಟ್ ಗ್ರೈಂಡರ್ ಇದ್ದರೆ ಕೆಲಸ ಬೇಗ ಆಗುತ್ತದೆ, ಕೆಡುವುದೂ ಅಷ್ಟೇ ಬೇಗ. ಅರ ಒಂದು ಎಳೆತಕ್ಕೆ ತೆಗೆಯುವುದು ತೀರ ಅಲ್ಪ; ತಪ್ಪುತ್ತಿದೆ ಎಂದು ಗೊತ್ತಾದ ಮೇಲೆ ನಿಲ್ಲಿಸಲು ಸಮಯವಿರುತ್ತದೆ.

ಕಣ್ಣಿಗೆ ಮುಚ್ಚುಗನ್ನಡಕ ಕಡ್ಡಾಯ. ಉಕ್ಕು, ಮರ, ಫೈಬರ್ ಯಾವುದನ್ನು ಉಜ್ಜುವಾಗಲೂ ಸೂಕ್ಷ್ಮ ದೂಳನ್ನು ತಡೆಯುವ ಮುಖವಾಡ ಹಾಕಿ. ಬಟ್ಟೆಯ ಮಾಸ್ಕ್ ಸಾಲದು. ತಿರುಗುವ ಯಂತ್ರದ ಬಳಿ ಕೈಗವಸು ಬೇಡ, ಸಡಿಲ ತೋಳು ಬೇಡ, ಕೂದಲು ಕಟ್ಟಿರಲಿ. ಡ್ರಿಲ್ ಮಾಡುವಾಗ ಪಟ್ಟಿಯನ್ನು ಕ್ಲಾಂಪಿನಿಂದ ಬಿಗಿಯದೆ ಕೈಯಲ್ಲಿ ಹಿಡಿದರೆ, ಬಿಟ್ ಕಚ್ಚಿಕೊಂಡ ಕ್ಷಣ ಅದು ಗಿರ್ರನೆ ತಿರುಗಿ ಬೆರಳುಗಳಿಗೆ ಬರುತ್ತದೆ.

ಆಕಾರ ಬರೆಯುವುದು, ಕೊಯ್ಯುವುದು

ಅಲಗು 8ರಿಂದ 9 ಸೆಂಟಿಮೀಟರ್, ಹಿಡಿ ಅಂಗೈ ತುಂಬುವಂತೆ 10ರಿಂದ 11 ಸೆಂಟಿಮೀಟರ್, ನೆಟ್ಟನೆಯ ಬೆನ್ನು, ಮೊನೆಯತ್ತ ಮೆಲ್ಲಗೆ ಏರುವ ಬಾಯಿ. ಹಿಡಿಯ ಉದ್ದಕ್ಕೂ ಉಕ್ಕು ಪೂರ್ತಿ ಹರಿದಿರಲಿ, ಎರಡೂ ಬದಿಗೆ ಹೋಳುಗಳನ್ನು ಅಂಟಿಸೋಣ. ಇದಕ್ಕಿಂತ ಸರಳ ವಿನ್ಯಾಸವಿಲ್ಲ, ಇದಕ್ಕಿಂತ ಗಟ್ಟಿಯದ್ದೂ ಅಪರೂಪ. ಎರಡು ಬಾಯಿಯ ಕಠಾರಿ, ಬೆನ್ನ ಮೇಲೆ ಹಲ್ಲು, ಹಾವಿನಂತೆ ಬಳುಕುವ ಅಲಗು ಇವನ್ನೆಲ್ಲ ಬರೆದ ಹಾಳೆಯನ್ನು ಮಡಚಿಡಿ. ಎರಡು ಬಾಯಿಯ ಅಲಗು ಅನೇಕ ಕಡೆ ಕಾನೂನಿನ ತೊಡಕೂ ಹೌದು. ಎಷ್ಟು ಉದ್ದದ ಚಾಕು ಇಟ್ಟುಕೊಳ್ಳಬಹುದು, ಜೇಬಿನಲ್ಲಿ ಒಯ್ಯಬಹುದೇ ಎಂಬುದನ್ನು ನಿಮ್ಮಲ್ಲಿ ವಿಚಾರಿಸಿಕೊಳ್ಳಿ.

ದಪ್ಪ ರಟ್ಟಿನಲ್ಲಿ ಚಾಕುವಿನ ಪೂರ್ತಿ ಆಕಾರ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ. ಹೆಚ್ಚುವ ಹಾಗೆ, ಸುಲಿಯುವ ಹಾಗೆ ಆಡಿಸಿ. ಕಿರುಬೆರಳು ಹೊರಗುಳಿದರೆ, ಹಿಡಿಯ ಮೂಲೆ ಅಂಗೈಗೆ ಚುಚ್ಚಿದರೆ ರಟ್ಟಿನಲ್ಲೇ ತಿದ್ದಿ; ಅಲ್ಲಿ ತಿದ್ದಲು ಕತ್ತರಿ ಸಾಕು. ಬಳಿಕ ಉಕ್ಕಿನ ಮೇಲೆ ಮಾರ್ಕರ್ ಶಾಯಿ ಬಳಿದು, ಒಣಗಿದ ಮೇಲೆ ರಟ್ಟನ್ನಿಟ್ಟು ಮೊನಚು ಮೊಳೆಯಿಂದ ಸುತ್ತ ಗೀರಿ. ಪೆನ್ಸಿಲ್ ಗೆರೆ ಕೆಲಸದ ನಡುವೆ ಅಳಿಸಿಹೋಗುತ್ತದೆ, ಗೀರು ಉಳಿಯುತ್ತದೆ.

ಗೆರೆಗೆ ಒಂದು ಮಿಲಿಮೀಟರ್ ಹೊರಗೆ ಗರಗಸದಿಂದ ಕೊಯ್ಯಿರಿ. ತಿರುವುಗಳಲ್ಲಿ ಗರಗಸ ತಿರುಗದು; ಅಲ್ಲಿ ಸಾಲಾಗಿ ತೂತು ಕೊರೆದು ನಡುವಿನದನ್ನು ಕೊಯ್ದುಬಿಡಿ. ಉಳಿದದ್ದನ್ನು ಗೆರೆಯವರೆಗೆ ಅರದಿಂದ ತನ್ನಿ. ಒಳಮೂಲೆಗಳು, ಮುಖ್ಯವಾಗಿ ಅಲಗು ಹಿಡಿಗೆ ಸೇರುವ ಜಾಗ, ಚೂಪಾಗಿರಬಾರದು, ಗುಂಡನೆಯ ಅರದಿಂದ ದುಂಡಗಾಗಿಸಿ. ಎಣ್ಣೆಗೆ ಅದ್ದಿದಾಗ ಒತ್ತಡವೆಲ್ಲ ಬಂದು ಸೇರುವುದು ಇಂಥ ಚೂಪು ಮೂಲೆಗಳಿಗೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ.

ಹಿಡಿಯ ಪಿನ್ನುಗಳಿಗೆ ತೂತುಗಳನ್ನು ಈಗಲೇ ಕೊರೆಯಿರಿ. ಹದ ಕೊಟ್ಟ ಉಕ್ಕನ್ನು ಸಾಮಾನ್ಯ ಡ್ರಿಲ್ ಬಿಟ್ ಕೊರೆಯುವುದಿಲ್ಲ. ಪಿನ್ 5 ಮಿಲಿಮೀಟರ್ ಆದರೆ ತೂತು ಕೂದಲೆಳೆಯಷ್ಟು ದೊಡ್ಡದಿರಲಿ. ವೇಗ ಕಡಿಮೆ, ಒತ್ತಡ ಹೆಚ್ಚು, ಒಂದೆರಡು ಹನಿ ಎಣ್ಣೆ. ಹಿಡಿಯ ಭಾಗದಲ್ಲಿ ಇನ್ನೂ ನಾಲ್ಕೈದು ತೂತು ಹೊಡೆದರೆ ತೂಕವೂ ಇಳಿಯುತ್ತದೆ, ಅಂಟಿಗೂ ಹಿಡಿತ ಸಿಗುತ್ತದೆ.

ಇಳಿಜಾರು: ಚಾಕು ಆಗುವ ಹಂತ

ಬೆನ್ನಿನಿಂದ ಬಾಯಿಗೆ ಎರಡೂ ಬದಿಯಲ್ಲಿ ಉಕ್ಕು ಇಳಿಯಬೇಕು. ಲೆಕ್ಕ ನೋಡಿ: ಬೆನ್ನು 3 ಮಿಲಿಮೀಟರ್, ಅಲಗಿನ ಅಗಲ 25, ಹದಕ್ಕೆ ಮೊದಲು ಬಾಯಿಯಲ್ಲಿ ಉಳಿಯಬೇಕಾದದ್ದು 0.8. ಅಂದರೆ ಪ್ರತಿ ಬದಿಯಿಂದ 1.1 ಮಿಲಿಮೀಟರ್ ಕಳೆಯಬೇಕು. ಕೋನ ಎರಡೂವರೆ ಡಿಗ್ರಿ ಮಾತ್ರ. ಕಣ್ಣಿಗೆ ಇದು ಇಳಿಜಾರೇ ಅನ್ನಿಸುವುದಿಲ್ಲ. ಹೊಸಬರು ಎಡವುವುದು ಇಲ್ಲೇ: ಎದ್ದು ಕಾಣುವ ಇಳಿಜಾರು ಬೇಕೆಂದು ಬಾಯಿಯ ಹತ್ತಿರದ ಒಂದು ಸೆಂಟಿಮೀಟರಿನಲ್ಲೇ ಎಲ್ಲವನ್ನೂ ಇಳಿಸಿಬಿಡುತ್ತಾರೆ. ಆಗ ಕೈಗೆ ಬರುವುದು ಉಳಿಯ ಬಾಯಿ. ಇಳಿಜಾರು ಬೆನ್ನಿನವರೆಗೂ ಹೋಗಲಿ.

ಮೊದಲು ಬಾಯಿಯ ಅಂಚಿನ ಮೇಲೆ ನಡುಗೆರೆಗಳು ಬೇಕು. ಅಂಚಿಗೆ ಮಾರ್ಕರ್ ಬಳಿಯಿರಿ. ಸಮತಟ್ಟಾದ ಕಲ್ಲಿನ ಅಥವಾ ಗಾಜಿನ ಮೇಲೆ ಅಲಗನ್ನು ಮಲಗಿಸಿ, ಪಕ್ಕದಲ್ಲಿ 2.2 ಮಿಲಿಮೀಟರ್ ಡ್ರಿಲ್ ಬಿಟ್ ಮಲಗಿಸಿ, ಅದರ ಮೊನೆಯನ್ನು ಅಂಚಿಗೆ ತಾಗಿಸಿ ಉದ್ದಕ್ಕೂ ಎಳೆಯಿರಿ. ಬಿಟ್ಟಿನ ಮೊನೆ ನೆಲದಿಂದ 1.1 ಮಿಲಿಮೀಟರ್ ಎತ್ತರದಲ್ಲಿರುವುದರಿಂದ ಗೀರು ಅಲ್ಲೇ ಬೀಳುತ್ತದೆ. ಅಲಗನ್ನು ಮಗುಚಿ ಇನ್ನೊಂದು ಗೀರು ಎಳೆಯಿರಿ. ಎರಡು ಗೀರುಗಳ ನಡುವೆ ಉಳಿದದ್ದು ನಿಮಗೆ ಬೇಕಾದ 0.8 ಮಿಲಿಮೀಟರ್. ಎರಡೂ ಬದಿಯಲ್ಲಿ ಆಯಾ ಗೀರಿನವರೆಗೆ ಮಾತ್ರ ಉಜ್ಜಿದರೆ ಬಾಯಿ ತಾನಾಗಿಯೇ ನಡುವಿಗೆ ಬರುತ್ತದೆ.

ಇಳಿಜಾರು ಹಿಡಿಯ ಬಳಿ ಎಲ್ಲಿ ನಿಲ್ಲಬೇಕೋ ಅಲ್ಲಿ ಎರಡೂ ಬದಿಗೆ ಒಂದೊಂದು ಗಟ್ಟಿ ಲೋಹದ ತುಂಡನ್ನು ಅಡ್ಡಲಾಗಿ ಬಿಗಿಯಿರಿ. ಅರ ಅದಕ್ಕೆ ತಾಗಿ ನಿಲ್ಲುತ್ತದೆ, ಎರಡೂ ಕಡೆ ಗೆರೆ ಸರಿಹೊಂದುತ್ತದೆ. ಅಲಗನ್ನು ಒಂದು ಮರದ ಪಟ್ಟಿಯ ಮೇಲೆ ಮಲಗಿಸಿ ಬಿಗಿದು, ಪಟ್ಟಿಯನ್ನು ವೈಸಿನಲ್ಲಿ ಹಿಡಿಸಿ. ಮೊದಲು ಬಾಯಿಯ ಅಂಚನ್ನು ಕಡಿದಾದ ಕೋನದಲ್ಲಿ ಗೀರಿನ ಹತ್ತಿರಕ್ಕೆ ಇಳಿಸಿ, ನಂತರ ಆ ಕೋನವನ್ನು ಸ್ವಲ್ಪ ಸ್ವಲ್ಪವೇ ಮಲಗಿಸುತ್ತ ಬೆನ್ನಿನತ್ತ ಒಯ್ಯಿರಿ. ಅರ ಕೊಯ್ಯುವುದು ಮುಂದಕ್ಕೆ ದೂಡುವಾಗ ಮಾತ್ರ. ಹಿಂದಕ್ಕೆ ತರುವಾಗ ಎತ್ತಿ ತನ್ನಿ, ಎಳೆದಾಡಿದರೆ ಹಲ್ಲು ಸವೆಯುತ್ತದೆ. ಅರಕ್ಕೆ ಆಗಾಗ ಸೀಮೆಸುಣ್ಣ ಉಜ್ಜಿ. ಹಲ್ಲುಗಳ ನಡುವೆ ಲೋಹದ ಪುಡಿ ಕಚ್ಚಿಕೊಂಡರೆ ಅದೇ ಪುಡಿ ಅಲಗಿನ ಮೇಲೆ ಆಳವಾದ ಗೀರು ಹಾಕುತ್ತದೆ, ಆ ಗೀರು ತೆಗೆಯಲು ಮತ್ತೊಂದು ಗಂಟೆ.

ಕೈ ಅಲ್ಲಾಡುತ್ತದೆ ಎನ್ನುವವರು ಅರದ ತುದಿಗೆ ಒಂದು ಉದ್ದನೆಯ ಸರಳು ಕಟ್ಟಿ, ಆ ಸರಳನ್ನು ಕಂಬಕ್ಕೆ ಹಾಕಿದ ಬಳೆಕೊಕ್ಕೆಯೊಳಗೆ ತೂರಿಸಿಕೊಳ್ಳಬಹುದು. ಕೊಕ್ಕೆಯ ಎತ್ತರ ಬದಲಿಸಿದರೆ ಕೋನ ಬದಲಾಗುತ್ತದೆ, ಎಷ್ಟು ಸಲ ದೂಡಿದರೂ ಅದೇ ಕೋನ. ಇದನ್ನು ಮೋಸವೆಂದು ಮೂಗು ಮುರಿಯುವವರ ಮಾತಿಗೆ ಕಿವಿಗೊಡಬೇಡಿ.

ಎರಡೂ ಬದಿ ಗೀರಿಗೆ ಮುಟ್ಟಿದ ಮೇಲೆ ಅರವನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಅಲಗಿನ ಉದ್ದಕ್ಕೆ ಎಳೆಯಿರಿ. ಏರುತಗ್ಗುಗಳು ಒಂದೊಂದಾಗಿ ಮಾಯವಾಗುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ನಂತರ ಗಟ್ಟಿ ಮರದ ತುಂಡಿಗೆ 120ರ ಸ್ಯಾಂಡ್‌ಪೇಪರ್ ಸುತ್ತಿ ಉಜ್ಜಿ, ಬಳಿಕ 220. ಅಡ್ಡಗೀರುಗಳು ಉಳಿಯಬಾರದು, ಅವೂ ಬಿರುಕಿಗೆ ದಾರಿ. ಹದಕ್ಕೆ ಮೊದಲು ಇದಕ್ಕಿಂತ ನಯ ಬೇಡ, ಬೆಂಕಿಯಲ್ಲಿ ಎಲ್ಲವೂ ಕಪ್ಪಾಗುತ್ತದೆ.

ಹದ

ಕೆಲಸವೆಲ್ಲ ಸೇರಿ ದಿನಗಟ್ಟಲೆ ಹಿಡಿದರೂ ಅಲಗಿನ ಹಣೆಬರಹ ನಿರ್ಧಾರವಾಗುವುದು ಇಲ್ಲಿಯ ಕೆಲವು ನಿಮಿಷಗಳಲ್ಲಿ. ತತ್ವ ಸುಲಭ. ಉಕ್ಕನ್ನು ಸುಮಾರು 815 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅದರೊಳಗಿನ ಇಂಗಾಲ ಕಬ್ಬಿಣದಲ್ಲಿ ಕರಗಿ ಹರಡಿಕೊಳ್ಳುತ್ತದೆ. ಮೆಲ್ಲಗೆ ಆರಲು ಬಿಟ್ಟರೆ ಇಂಗಾಲ ಮತ್ತೆ ಬೇರ್ಪಟ್ಟು ಉಕ್ಕು ಮೆತ್ತಗಾಗುತ್ತದೆ. ತಟಕ್ಕನೆ ತಣಿಸಿದರೆ ಬೇರ್ಪಡಲು ಹೊತ್ತು ಸಿಗದೆ ಅಲ್ಲೇ ಸಿಕ್ಕಿಕೊಂಡು, ಉಕ್ಕು ಮಾರ್ಟೆನ್ಸೈಟ್ ಎಂಬ ಅತಿ ಗಟ್ಟಿಯಾದ ರಚನೆಗೆ ತಿರುಗುತ್ತದೆ. 1084ರಂಥ ಉಕ್ಕಿಗೆ ಕಾವಿನ ಮೊದಲ ಇಳಿತಕ್ಕೆ ಸಿಗುವ ಕಾಲ ಸುಮಾರು ಒಂದು ಸೆಕೆಂಡ್ ಮಾತ್ರ. ಹಾಗಾಗಿ ಒಲೆಯ ಬಾಯಿಂದ ಎಣ್ಣೆಗೆ ಇರುವ ದೂರ ಒಂದು ಕೈಯಳತೆ ಮೀರದಿರಲಿ.

ಒಲೆಗೆ ಎರಡು ಹಗುರವಾದ, ಶಾಖ ತಡೆಯುವ ಇಟ್ಟಿಗೆಗಳು ಸಾಕು. ಎರಡರ ನಡುವೆ ಅಲಗು ಹಿಡಿಯುವಷ್ಟು ಸುರಂಗ ಕೊರೆದು, ಪಕ್ಕದಲ್ಲಿ ಪ್ರೊಪೇನ್ ಟಾರ್ಚ್‌ಗೆ ತೂತು ಮಾಡಿ. ಕಟ್ಟಡದ ಭಾರವಾದ ಇಟ್ಟಿಗೆ ಆಗದು, ಅದು ಶಾಖವನ್ನು ಕುಡಿಯುತ್ತಲೇ ಇರುತ್ತದೆ. ನೆನೆದ ಇಟ್ಟಿಗೆಯಂತೂ ಸಿಡಿಯಬಹುದು. ಇದ್ದಿಲಿನ ಒಲೆಗೆ ಕೊಳವೆಯಿಂದ ಗಾಳಿ ಊದಿಸಿದರೂ ಆಗುತ್ತದೆ. ಎರಡನ್ನೂ ಬಯಲಿನಲ್ಲೇ ಉರಿಸಿ, ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮುನ್ಸೂಚನೆ ಕೊಡದೆ ಕೊಲ್ಲುತ್ತದೆ. ಸತುವಿನ ಲೇಪವಿರುವ ಯಾವ ತಗಡು, ಕೊಳವೆಯೂ ಒಲೆಯ ಹತ್ತಿರ ಇರಬಾರದು, ಅದರ ಹೊಗೆ ವಿಷ.

ಎಣ್ಣೆ ಕ್ಯಾನೋಲಾ ಅಥವಾ ಅಂಥ ತೆಳುವಾದ ಅಡುಗೆ ಎಣ್ಣೆ, ನಾಲ್ಕು ಲೀಟರ್‌ಗೆ ಕಡಿಮೆಯಿಲ್ಲದಂತೆ, ಅಲಗಿಗಿಂತ ಆಳವಾದ ಲೋಹದ ಡಬ್ಬಿಯಲ್ಲಿ. ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಿ ಆರಿಸಬೇಕು, ನೀರು ಹಾಕಿದರೆ ಬೆಂಕಿ ಮೇಲಕ್ಕೆ ಚಿಮ್ಮುತ್ತದೆ. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆ ಬಿಟ್ಟಿ ಸಿಗುತ್ತದೆಂದು ತರಬೇಡಿ, ಅದರ ಹೊಗೆಯನ್ನು ಉಸಿರಾಡುವವರು ನೀವೇ. ನೀರಿನಲ್ಲಿ ಅದ್ದಿದರೆ ಅಲಗು ಟಪ್ಪೆಂದು ಸೀಳುವ ಸಂಭವ ಹೆಚ್ಚು. ಎಣ್ಣೆಯನ್ನು 50 ಡಿಗ್ರಿಯಷ್ಟು ಬೆಚ್ಚಗೆ ಮಾಡಿ; ಒಂದು ಕಬ್ಬಿಣದ ತುಂಡು ಕಾಯಿಸಿ ಅದ್ದಿದರಾಯಿತು. ಬೆಚ್ಚಗಿನ ಎಣ್ಣೆ ತಣ್ಣಗಿನದಕ್ಕಿಂತ ತೆಳು, ಆದ್ದರಿಂದ ಶಾಖವನ್ನು ಬೇಗ ಎಳೆಯುತ್ತದೆ.

ಈಗ ಕಾವು. ಬಿಸಿಲಿನಲ್ಲಿ ಉಕ್ಕಿನ ಬಣ್ಣ ತಿಳಿಯುವುದಿಲ್ಲ, ಮುಸ್ಸಂಜೆ ಅಥವಾ ನೆರಳು ಬೇಕು. ಅಲಗನ್ನು ಸುರಂಗದಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿರಿ, ತೆಳ್ಳಗಿನ ಮೊನೆ ಬೇಗ ಕಾಯುವುದರಿಂದ ಅದನ್ನು ಜ್ವಾಲೆಯಿಂದ ಆಚೆಗಿಡಿ. ಮಸಕು ಕೆಂಪು ಕಳೆದು ಬಣ್ಣ ಏರುತ್ತಿರುವಾಗ ಗಮನವಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಹೊಳೆಯುತ್ತಿರುವ ಉಕ್ಕಿನೊಳಗೆ ಮಬ್ಬು ನೆರಳುಗಳು ಹರಿದಾಡುತ್ತವೆ. ಒಳಗಿನ ರಚನೆ ಬದಲಾಗುವಾಗ ಉಕ್ಕು ಶಾಖವನ್ನು ನುಂಗಿಕೊಳ್ಳುತ್ತದೆ, ಆ ಜಾಗ ಸುತ್ತಲಿನದಕ್ಕಿಂತ ಕ್ಷಣಕಾಲ ಮಂಕಾಗುತ್ತದೆ. ನೆರಳು ಬೆನ್ನಿನತ್ತ ಸರಿದು ಪೂರ್ತಿ ಕರಗಿದ ಮೇಲೆ ಅಲಗೆಲ್ಲ ಒಂದೇ ಬಣ್ಣಕ್ಕೆ ಬರುತ್ತದೆ. ಇದನ್ನು ಒಮ್ಮೆ ಕಂಡವರಿಗೆ ಅಯಸ್ಕಾಂತ ಬೇಕಾಗುವುದಿಲ್ಲ. ಕಾಣದವರು ಅಲಗನ್ನು ಅಯಸ್ಕಾಂತಕ್ಕೆ ಮುಟ್ಟಿಸಿ ನೋಡಲಿ: 770 ಡಿಗ್ರಿಯ ಆಸುಪಾಸಿನಲ್ಲಿ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನು ಒಂದೇ ಛಾಯೆ ಮೇಲೆ ಹೋದರೆ ನಮಗೆ ಬೇಕಾದ ಕಾವು. ಕಿತ್ತಳೆ, ಹಳದಿ ಬಣ್ಣಕ್ಕೆ ಬಿಟ್ಟರೆ ಒಳಗಿನ ಕಣಗಳು ದಪ್ಪವಾಗಿ ಅಲಗು ಪೆಡಸಾಗುತ್ತದೆ.

ಕಾವು ಬಂದ ಕೂಡಲೇ ಮೊನೆ ಕೆಳಗಾಗಿ, ನೇರವಾಗಿ, ಒಂದೇ ಏಟಿಗೆ ಎಣ್ಣೆಗೆ ಇಳಿಸಿ. ಬಾಯಿ ಬೆನ್ನಿನ ದಿಕ್ಕಿನಲ್ಲಿ ಹಿಂದೆ ಮುಂದೆ ಆಡಿಸಬಹುದು. ಪಕ್ಕಕ್ಕೆ ಅಲುಗಿಸಿದರೆ ಒಂದು ಬದಿ ಬೇಗ ತಣಿದು ಅಲಗು ಬಾಗುತ್ತದೆ. ಹತ್ತು ಹನ್ನೆರಡು ಸೆಕೆಂಡ್ ಬಿಟ್ಟು ತೆಗೆದು, ಬಾಗಿದ್ದರೆ ಕೈಗವಸು ಹಾಕಿ ಆಗಲೇ ಮೆಲ್ಲಗೆ ನೇರ ಮಾಡಿ. ಕೆಲವೇ ಕ್ಷಣ ಉಕ್ಕು ಮಾತು ಕೇಳುತ್ತದೆ, ಪೂರ್ತಿ ತಣಿದ ಮೇಲೆ ಬಗ್ಗಿಸಲು ಹೋದರೆ ಮುರಿಯುತ್ತದೆ.

ಗಟ್ಟಿಯಾಯಿತೇ ಎಂದು ತಿಳಿಯಲು ಬಾಯಿಯ ಮೇಲೆ ಹೊಸ ಅರ ಎಳೆಯಿರಿ. ಕಚ್ಚದೆ ಜಾರಿದರೆ ಗೆದ್ದಿರಿ. ಮೊದಲ ಎಳೆತಕ್ಕೆ ಕಚ್ಚಿದರೆ ಗಾಬರಿ ಬೇಡ, ಬೆಂಕಿಯಲ್ಲಿ ಇಂಗಾಲ ಕಳೆದುಕೊಂಡ ತೆಳು ಪೊರೆ ಮೇಲಿರುತ್ತದೆ. ಅದು ಹೋದ ಮೇಲೂ ಕಚ್ಚುತ್ತಲೇ ಇದ್ದರೆ ಕಾವು ಸಾಲದಾಗಿತ್ತು, ಮತ್ತೆ ಕಾಯಿಸಿ ಅದ್ದಿ. ಇದೆಲ್ಲವನ್ನೂ ಅಲಗಿಗೆ ಮೊದಲು ಒಂದು ತುಂಡಿನ ಮೇಲೆ ಮಾಡಿ. ಅದ್ದಿದ ತುಂಡನ್ನು ಬಟ್ಟೆ ಸುತ್ತಿ ವೈಸಿನಲ್ಲಿ ಹಿಡಿದು ಮುರಿದು, ಮುರಿದ ಮೈ ನೋಡಿ. ನಯವಾದ ಬೂದಿಬಣ್ಣವಿದ್ದರೆ ಕಾವು ಸರಿ. ಸಕ್ಕರೆಯ ಹರಳಿನಂತೆ ಮಿನುಗಿದರೆ ಅತಿಯಾಯಿತು.

ಈ ಸ್ಥಿತಿಯಲ್ಲಿ ಅಲಗು ಕೈತಪ್ಪಿ ನೆಲಕ್ಕೆ ಬಿದ್ದರೂ ತುಂಡಾಗಬಹುದು. ಆದ್ದರಿಂದ ನಾಳೆಗೆ ಮುಂದೂಡದೆ ಒಂದು ಗಂಟೆಯೊಳಗೆ ಎರಡನೆಯ ಕಾವು ಕೊಡಿ. ಸಾಬೂನಿನಲ್ಲಿ ಎಣ್ಣೆ ತೊಳೆದು, ಸ್ವಲ್ಪ ಉಜ್ಜಿ ಬಿಳಿ ಲೋಹ ಕಾಣಿಸಿ, 205 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಇಡಿ. ತಣಿಯಲು ಬಿಟ್ಟು ಮತ್ತೆ ಎರಡು ಗಂಟೆ. ಓವನ್ನಿನ ಗುಂಡಿ ಹೇಳುವ ಅಂಕಿಯನ್ನು ನಂಬಬೇಡಿ, ಒಳಗೆ ಒಂದು ಥರ್ಮಾಮೀಟರ್ ಇಡಿ. ಮರಳಿನ ತಟ್ಟೆಯಲ್ಲಿ ಅಲಗನ್ನಿಟ್ಟರೆ ಕಾವಿನ ಏರಿಳಿತ ಅದಕ್ಕೆ ತಟ್ಟುವುದಿಲ್ಲ. ಹೊರಬಂದಾಗ ತೆಳು ಹುಲ್ಲಿನ ಹಳದಿ ಬಣ್ಣವಿರಬೇಕು. ನೀಲಿಗೆ ತಿರುಗಿದ್ದರೆ 290 ಡಿಗ್ರಿ ದಾಟಿದೆ, ಬಾಯಿಗೆ ಅಷ್ಟು ಮೆದು ಸಲ್ಲದು.

ತೆಳುವಾಗಿಸಿ, ಪರೀಕ್ಷಿಸಿ

ಈಗ ಬಾಯಿಯನ್ನು 0.8ರಿಂದ 0.3ಕ್ಕೆ ಇಳಿಸಬೇಕು. ಉಕ್ಕು ಗಟ್ಟಿಯಾಗಿರುವುದರಿಂದ ಅರ ಬಾರದು, ಒರಟು ಸಾಣೆಕಲ್ಲು ಅಥವಾ 80, 120ರ ಸ್ಯಾಂಡ್‌ಪೇಪರ್ ಬೇಕು. ಬೇಸರದ ಕೆಲಸ ನಿಜ, ಬಿಟ್ಟುಬಿಡುವವರು ಬಿಡುವುದೂ ಇಲ್ಲೇ. ಯಂತ್ರ ಬಳಸುವವರು ಬರಿಗೈಯಲ್ಲಿ ಅಲಗು ಹಿಡಿದು, ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಲಿ. ನೀಲಿ ಕಲೆ ಎದ್ದರೆ ಆ ಜಾಗದ ಹದ ಹೋಯಿತು. ನಂತರ 220, 400, 600 ಎಂದು ಏರುತ್ತ, ಪ್ರತಿ ಸಲ ಉಜ್ಜುವ ದಿಕ್ಕು ಬದಲಿಸಿ, ಹಿಂದಿನ ಗೀರು ಪೂರ್ತಿ ಹೋಗುವವರೆಗೆ ಮುಂದಕ್ಕೆ ಹೋಗಬೇಡಿ.

ಹಿಡಿ ಹಾಕುವ ಮೊದಲು ಒರಟಾಗಿ ಮಸೆದು ಪರೀಕ್ಷೆ ಮಾಡುವುದು ಜಾಣತನ, ಏಕೆಂದರೆ ಹಿಡಿ ಕೂತ ಮೇಲೆ ಓವನ್ನಿಗೆ ಮರಳುವ ದಾರಿಯಿಲ್ಲ. ಸುಮಾರು 6 ಮಿಲಿಮೀಟರಿನ ಹಿತ್ತಾಳೆ ಸರಳನ್ನು ವೈಸಿನಲ್ಲಿ ಮಲಗಿಸಿ, ಮಸೆಯುವ ಕೋನದಲ್ಲೇ ಬಾಯಿಯನ್ನು ಅದರ ಮೇಲಿಟ್ಟು ಮೆಲ್ಲಗೆ ಒತ್ತುತ್ತ ಎಳೆಯಿರಿ. ಬೆಳಕಿನಲ್ಲಿ ಬಾಯಿ ಸರಳಿನ ಮೇಲೆ ಕೊಂಚ ಬಾಗಿ, ದಾಟಿದೊಡನೆ ನೇರವಾಗುವುದು ಕಾಣಬೇಕು. ಚಕ್ಕೆ ಎದ್ದರೆ ಉಕ್ಕು ಇನ್ನೂ ಪೆಡಸು, ಹತ್ತು ಹದಿನೈದು ಡಿಗ್ರಿ ಹೆಚ್ಚಿಸಿ ಇನ್ನೊಂದು ಸುತ್ತು ಓವನ್. ಬಾಗಿದ್ದು ಬಾಗಿಯೇ ಉಳಿದರೆ ಮೆದು, ಮೊದಲಿನಿಂದ ಕಾಯಿಸಿ ಅದ್ದಬೇಕು. ಬಾಗುವುದೇ ಇಲ್ಲ ಎಂದಾದರೆ ಇನ್ನೂ ದಪ್ಪವಿದೆ, ಕಲ್ಲಿಗೆ ಮರಳಿ.

ಹಿಡಿ

ಚೆನ್ನಾಗಿ ಒಣಗಿದ, ಒತ್ತು ಎಳೆಯ ಗಟ್ಟಿ ಮರ ಯಾವುದಾದರೂ ಆಗುತ್ತದೆ. ಹಸಿ ಮರ ಮುಂದೆ ಕುಗ್ಗಿ ಉಕ್ಕಿನಿಂದ ಬಿಡಿಸಿಕೊಳ್ಳುತ್ತದೆ. ಎರಡು ಹೋಳುಗಳ ಮುಂಭಾಗವನ್ನು, ಅಂದರೆ ಅಲಗಿನ ಕಡೆಯ ಅಂಚನ್ನು, ಅಂಟಿಸುವ ಮೊದಲೇ ಆಕಾರಕ್ಕೆ ತಂದು ನಯ ಮಾಡಿ. ಆಮೇಲೆ ಅಲಗನ್ನು ಗೀರದೆ ಅಲ್ಲಿ ಕೈಯಾಡಿಸಲಾಗದು. ಉಕ್ಕಿನ ಮೈಯನ್ನೂ ಮರದ ಒಳಮೈಯನ್ನೂ 120ರಲ್ಲಿ ಒರಟಾಗಿಸಿ, ಅಸಿಟೋನ್‌ನಿಂದ ಒರೆಸಿ, ಮತ್ತೆ ಬೆರಳು ತಾಗಿಸಬೇಡಿ. ಐದು ನಿಮಿಷಕ್ಕೆ ಗಟ್ಟಿಯಾಗುವ ಅಂಟಿಗಿಂತ ಒಂದು ದಿನ ತೆಗೆದುಕೊಳ್ಳುವ ಎಪಾಕ್ಸಿ ಗಟ್ಟಿಗ. ಪಿನ್ನುಗಳಿಗೂ ಅಂಟು ಹಚ್ಚಿ ತೂರಿಸಿ, ಹದವಾಗಿ ಬಿಗಿಯಿರಿ. ಹಲ್ಲು ಕಚ್ಚಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ನಡುವೆ ಏನೂ ಉಳಿಯುವುದಿಲ್ಲ. ಅಲಗಿನ ಮೇಲೆ ಹರಿದ ಅಂಟನ್ನು ಹಸಿಯಿರುವಾಗಲೇ ಒರೆಸಿ, ಬಾಯಿಗೆ ದಪ್ಪ ಟೇಪು ಸುತ್ತಿಬಿಡಿ. ಹಿಡಿಯ ಕೆಲಸ ಮಾಡುವಾಗ ಕೈ ಕೊಯ್ದುಕೊಳ್ಳುವವರೇ ಹೆಚ್ಚು.

ಒಣಗಿದ ಮೇಲೆ ಅರ, ಸ್ಯಾಂಡ್‌ಪೇಪರ್ ಹಿಡಿದು ಆಕಾರ ಕೊಡಿ. ಅಡ್ಡಕೊಯ್ತ ಮೊಟ್ಟೆಯಾಕಾರವಿರಲಿ, ಪೂರ್ತಿ ದುಂಡು ಬೇಡ. ಕತ್ತಲಲ್ಲಿ ಹಿಡಿದರೂ ಬಾಯಿ ಯಾವ ಕಡೆಗಿದೆ ಎಂದು ಕೈಗೆ ತಿಳಿಯಬೇಕು. ಕೊನೆಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಹಚ್ಚಿ. ಆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಣಗುವಾಗ ಹುಟ್ಟುವ ಬಿಸಿಗೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮಸೆಯುವುದು

400ರ ಕಲ್ಲು, ನಂತರ 1000ದ ಕಲ್ಲು, ಪ್ರತಿ ಬದಿಗೆ 15ರಿಂದ 20 ಡಿಗ್ರಿ. ಬಾಯಿಗೆ ಮಾರ್ಕರ್ ಹಚ್ಚಿ ಎರಡು ಸಲ ಎಳೆದರೆ ಕಲ್ಲು ಎಲ್ಲಿ ತಾಗುತ್ತಿದೆ ಎಂದು ಕಾಣುತ್ತದೆ. ಒಂದು ಬದಿಯನ್ನು ಮಸೆಯುತ್ತಿದ್ದಂತೆ ಇನ್ನೊಂದು ಬದಿಯಲ್ಲಿ ಸಣ್ಣ ಏಣು ಏಳುತ್ತದೆ. ಬೆನ್ನಿನ ಕಡೆಯಿಂದ ಬಾಯಿಯಾಚೆಗೆ ಬೆರಳು ಸವರಿದರೆ ತಡೆದಂತಾಗುತ್ತದೆ. ಉದ್ದಕ್ಕೂ ಏಣು ಎದ್ದ ಮೇಲಷ್ಟೇ ಬದಿ ಬದಲಿಸಿ. ಕೊನೆಗೆ ಒತ್ತಡ ಇಳಿಸುತ್ತ ಬದಿ ಬದಲಿಸುತ್ತ ಏಣನ್ನು ಸವೆಸಿ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಿರಿ.

1084 ತುಕ್ಕು ಹಿಡಿಯುವ ಉಕ್ಕು. ಬಳಸಿದ ಕೂಡಲೇ ತೊಳೆದು ಒರೆಸಿ. ಹುಳಿ ಹಣ್ಣು, ಈರುಳ್ಳಿ ಕತ್ತರಿಸಿದಂತೆಲ್ಲ ಅಲಗಿಗೆ ಬೂದು ನೀಲಿ ಛಾಯೆ ಹತ್ತುತ್ತದೆ, ಅದನ್ನು ಉಜ್ಜಿ ತೆಗೆಯಬೇಡಿ, ತುಕ್ಕಿಗೆ ಅದೇ ಒಂದಿಷ್ಟು ತಡೆ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಚರ್ಮದ ತೇವವೂ ಅದನ್ನು ಹದಮಾಡಲು ಬಳಸಿದ ರಾಸಾಯನಿಕಗಳೂ ಅಲಗನ್ನು ತಿನ್ನುತ್ತವೆ. ಒಯ್ಯುವಾಗ ಒರೆ, ಇಡುವಾಗ ಹೊರಗೆ.

ಎರಡನೆಯ ಚಾಕುವಿಗೆ ಹೊಸ ವಿನ್ಯಾಸ ಬರೆಯುವ ಚಪಲ ಬರುತ್ತದೆ. ಅದೇ ರಟ್ಟನ್ನು ಮತ್ತೆ ತೆಗೆದುಕೊಳ್ಳಿ, ಅದೇ ಉಕ್ಕು, ಅದೇ ಎಣ್ಣೆ, ಅದೇ ಓವನ್ ಕಾವು. ಬದಲಿಸುವುದು ಪಟ್ಟಿಯ ದಪ್ಪವೊಂದನ್ನೇ, 3ರ ಬದಲು 2.5 ಮಿಲಿಮೀಟರ್. ನಡುಗೆರೆಗೆ ಆಗ 1.7 ಮಿಲಿಮೀಟರ್ ಬಿಟ್ ಬೇಕಾಗುತ್ತದೆ.